ಗೋಡೆಯ ಮೇಲಿನ ಗಾಜಿನ ಹಲಗೆ

ಚಳ್ಳಕೆರೆಯ ನಮ್ಮ ಮನೆಯ ನಡುಮನೆಯಲ್ಲಿ, ಗಡಿಯಾರದ ಕೆಳಗೆ, ಒಂದು ಗಾಜಿನ ಹಲಗೆಯನ್ನು ಗೋಡೆಗೆ ಬಿಗಿದಿದ್ದೇನೆ. ಅದು ಮತ್ತೇನೂ ಅಲ್ಲ. ಮಕ್ಕಳ ಪಾಠಕ್ಕೆಂದು ಹಿಂದೆ ಕೊಂಡಿದ್ದ ಅಗ್ಗದ ಟ್ಯಾಬ್ಲೆಟ್ಟು. ಕೆಲಸ ಮುಗಿದ ಮೇಲೆ ಅದು ಕಪಾಟಿನಲ್ಲಿ ಧೂಳು ಹಿಡಿದು ಬಿದ್ದಿತ್ತು. ಈಗ ಅದರ ಮೇಲೆ ಬೆರಳಿಟ್ಟರೆ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಮಾಳಿಗೆಯ ತೊಟ್ಟಿಯಲ್ಲಿ ನೀರು ಎಷ್ಟಿದೆಯೆಂಬುದು ಕಾಣುತ್ತದೆ. ಬೆಡಗಿಗಾಗಿ ನಾನು ಈ ಕೆಲಸಕ್ಕೆ ಕೈ ಹಾಕಿದವನಲ್ಲ. ನಮ್ಮದು ಮಳೆ ಕಡಮೆಯಾದ ಸೀಮೆ. ಕೊಳವೆ ಬಾವಿಯ ನೀರು ಮೇಲೇರಬೇಕಾದರೆ ಕರೆಂಟು ಇರಬೇಕು. ತೊಟ್ಟಿ ತುಂಬಿತೋ ಇಲ್ಲವೋ ಎಂದು ನೋಡಲು ಮಂಡಿನೋವಿನ ನಮ್ಮ ತಾಯಿಯವರು ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅದನ್ನು ತಪ್ಪಿಸಬೇಕೆಂಬುದೇ ನನ್ನ ಉದ್ದೇಶವಾಗಿತ್ತು.

ಗಾಜಿಗೆ ಬೆರಳಿನ ಸ್ಪರ್ಶ ತಿಳಿಯುವುದಾದರೂ ಹೇಗೆ? ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುದ್ವಾಹಕ ಗೆರೆಗಳನ್ನು ಅಡ್ಡಲಾಗಿಯೂ ಉದ್ದವಾಗಿಯೂ ಹಾಸಿರುತ್ತಾರೆ. ಗೆರೆ ಗೆರೆಯನ್ನು ದಾಟುವ ಒಂದೊಂದು ಎಡೆಯೂ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಧಾರಕ. ನಮ್ಮ ಮೈಯೂ ವಾಹಕವಾದುದರಿಂದ, ಬೆರಳು ಸಮೀಪಿಸಿದೊಡನೆ ಆ ಧಾರಕದ ಸಾಮರ್ಥ್ಯವು ಅತ್ಯಲ್ಪವಾಗಿ ಬದಲಾಗುತ್ತದೆ. ಬದಲಾದ ಎಡೆ ಯಾವುದೆಂದು ಒಳಗಿನ ಲೆಕ್ಕಗಾರ ಕೂಡಲೇ ಗುರುತಿಸುತ್ತಾನೆ. ನಮ್ಮ ತಾಯಿಯವರು ಮೊದಮೊದಲು ಉಗುರಿನಿಂದ ಒತ್ತಿ, ‘ಇದಕ್ಕೆ ಜೀವವೇ ಇಲ್ಲ ಕಣೋ’ ಎಂದರು. ಉಗುರು ವಾಹಕವಲ್ಲ, ಬೆರಳಿನ ತುದಿಯೇ ತಾಗಬೇಕು. ಇಂಥ ಪರದೆಯನ್ನು ಕುರಿತು ಇಂಗ್ಲೆಂಡಿನ ಮಾಲ್ವರ್ನ್ ಎಂಬ ಊರಿನ ರಾಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಅವರು 1965ರಲ್ಲಿಯೇ ಬರೆದರು. ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರಿಗೆ ಅನುಕೂಲವಾಗಲೆಂಬುದು ಅವರ ಆಶಯ.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಈ ಹಲಗೆ ದೀಪವನ್ನು ಹಚ್ಚುವುದಿಲ್ಲ. ಹಚ್ಚೆಂದು ಹೇಳುತ್ತದೆ, ಅಷ್ಟೆ. ಆ ಮಾತು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ, 12.5 ಸೆಂಟಿಮೀಟರು ಉದ್ದದ ರೇಡಿಯೋ ಅಲೆಗಳ ಮೇಲೇರಿ ಸ್ವಿಚ್ಚಿನ ಪೆಟ್ಟಿಗೆಯಲ್ಲಿರುವ ಒಂದು ಚಿಕ್ಕ ಬಿಲ್ಲೆಯನ್ನು ಸೇರುತ್ತದೆ. ಬಿಲ್ಲೆಯು ಒಂದು ರಿಲೇಯ ಸುರುಳಿಗೆ ಪ್ರವಾಹವನ್ನು ಬಿಡುತ್ತದೆ. ಸುರುಳಿ ಅಯಸ್ಕಾಂತವಾಗಿ ಲೋಹದ ನಾಲಗೆಯನ್ನು ಸೆಳೆಯುತ್ತದೆ. 230 ವೋಲ್ಟಿನ ದಾರಿ ತೆರೆಯುತ್ತದೆ. ರಿಲೇ ಹೊಸದೇನಲ್ಲ, ಅಮೆರಿಕದ ಜೋಸೆಫ್ ಹೆನ್ರಿ ಅವರು 1830ರ ದಶಕದಲ್ಲಿಯೇ ಇದರ ತತ್ತ್ವವನ್ನು ಬಳಸಿದ್ದರು. ಹೊಲದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿ ಮನೆಯಿಂದಲೇ ಅದನ್ನು ನಡೆಸುವ ರೈತರಿಗೂ ಇದು ಹೊಸದಲ್ಲ.

ತೊಟ್ಟಿಯ ನೀರನ್ನು ಅಳೆಯುವುದು ಧ್ವನಿಯ ಕೆಲಸ. ಮುಚ್ಚಳದ ಒಳಗಿರುವ ಸಾಧನವು ಕಿವಿಗೆ ಕೇಳಿಸದ ಸದ್ದನ್ನು ಕೆಳಗೆ ಕಳುಹಿಸಿ, ನೀರಿನ ಮೈಯಿಂದ ಮರಳುವ ಪ್ರತಿಧ್ವನಿಗೆ ಕಾಯುತ್ತದೆ. 6 ಮಿಲಿಸೆಕೆಂಡಿನಲ್ಲಿ ಮರಳಿದರೆ ನೀರು ಸುಮಾರು 1 ಮೀಟರು ಕೆಳಗಿದೆಯೆಂದು ಅರ್ಥ. ಆದರೆ ಗಾಳಿ ಕಾದಷ್ಟೂ ಧ್ವನಿಯ ವೇಗ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರು ಇದ್ದುದು 40 ಡಿಗ್ರಿಯಲ್ಲಿ 355 ಆಗುತ್ತದೆ. ನಮ್ಮ ಬೇಸಗೆಯಲ್ಲಿ ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟು ಸಿದ್ಧವಾದ ಮೇಲೆ ನನಗೂ ಸ್ವಲ್ಪ ಹೆಮ್ಮೆಯಾಯಿತು. ಅದೇ ದಿನಗಳಲ್ಲಿ ಸೀರೆ ಕೊಳ್ಳಲು ಮೊಳಕಾಲ್ಮೂರಿಗೆ ಹೋದಾಗ, ರೇಷ್ಮೆ ನೇಯುವ ಹಿರಿಯರೊಬ್ಬರ ಮುಂದೆ ನನ್ನ ಹಲಗೆಯನ್ನು ಬಣ್ಣಿಸಿದೆ. ಅವರ ಮಗ್ಗದ ನೆತ್ತಿಯ ಮೇಲೆ ತೂತು ಕೊರೆದ ರಟ್ಟುಗಳ ಸರ ತೂಗುತ್ತಿತ್ತು. ಫ್ರಾನ್ಸಿನ ಜಕಾರ್ಡ್ ಎಂಬವನು 1804ರ ಸುಮಾರಿಗೆ ರೂಪಿಸಿದ ಏರ್ಪಾಡು ಅದು. ತೂತಿದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಹೌದು ಮತ್ತು ಅಲ್ಲ ಎಂಬ ಎರಡೇ ಮಾತುಗಳಲ್ಲಿ ಸೆರಗಿನ ಚಿತ್ತಾರವೆಲ್ಲ ಅಡಗಿರುತ್ತದೆ. ನನ್ನ ಹಲಗೆಯ ಭಾಷೆಯೂ ಆ ಎರಡೇ ಮಾತುಗಳದ್ದು. ಹಿರಿಯರು ಎಲ್ಲವನ್ನೂ ಕೇಳಿ, ‘ಮೇಷ್ಟ್ರೇ, ನನ್ನ ಮಗ್ಗ ಕೈಯಲ್ಲಿ ಕಾಲಲ್ಲಿ ನಡೀತದೆ. ನಿಮ್ಮ ಹಲಗೆ ಕೆಟ್ಟರೆ ಮನೇಲಿ ದೀಪ ಹಚ್ಚೋದು ಹೆಂಗೆ?’ ಎಂದರು. ನಾನು ನಕ್ಕು ಸುಮ್ಮನಾದೆ.

ಉತ್ತರವನ್ನು ಹೇಳಬೇಕಾದ ಸಂದರ್ಭ ಬೇಗನೆ ಬಂದಿತು. ಒಂದು ಸಂಜೆ ಇಂಟರ್ನೆಟ್ಟಿನ ತಂತಿ ಎಲ್ಲಿಯೋ ಕಡಿದುಹೋಯಿತು. ನಾನು ಕೊಂಡಿದ್ದ ಸಾಧನಗಳು ಅಪ್ಪಣೆಗಾಗಿ ದೂರದ ಯಾವುದೋ ಕಂಪ್ಯೂಟರನ್ನು ಕೇಳಿಕೊಳ್ಳುವಂಥವು. ಗೋಡೆ ಅಂದವಾಗಿ ಕಾಣಲೆಂದು ಹಳೆಯ ಸ್ವಿಚ್ಚುಗಳನ್ನು ನಾನೇ ಕೀಳಿಸಿದ್ದೆ. ಕಾಲೇಜಿನಿಂದ ಮನೆಗೆ ಬಂದು ನೋಡಿದರೆ, ತಾಯಿಯವರು ಕತ್ತಲೆಯಲ್ಲಿ ಒಬ್ಬರೇ ಕುಳಿತಿದ್ದರು. ಕರೆಂಟಿತ್ತು, ದೀಪವಿತ್ತು, ಬೆಳಕಿರಲಿಲ್ಲ.

ಮರುದಿನವೇ ಎಲ್ಲವನ್ನೂ ಹೊಸದಾಗಿ ಕಟ್ಟಲಾರಂಭಿಸಿದೆ. ಮೊದಲನೆಯದಾಗಿ, ಬುದ್ಧಿಯನ್ನು ಮನೆಯೊಳಕ್ಕೆ ತಂದೆ. ಅಂಗೈಯಗಲದ ಒಂದು ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶವನ್ನು ಹೂಡಿದೆ. ಪೌಲಸ್ ಸ್ಕೌಟ್ಸನ್ ಎಂಬವರು 2013ರಲ್ಲಿ ಆರಂಭಿಸಿದ ಇದನ್ನು ಯಾರು ಬೇಕಾದರೂ ಬಳಸಬಹುದು. ಸಾಧನಗಳು ಪರಸ್ಪರ ಮಾತನಾಡಲು ಎಂಕ್ಯೂಟಿಟಿ ಎಂಬ ಸಂದೇಶಪದ್ಧತಿಯಿದೆ. ನಿರ್ಜನ ಪ್ರದೇಶಗಳ ತೈಲದ ಕೊಳವೆಗಳನ್ನು ಉಪಗ್ರಹದ ಮೂಲಕ ಕಾಯಲೆಂದು 1999ರಲ್ಲಿ ರೂಪಿಸಿದ ಪದ್ಧತಿ ಅದು, ಆದುದರಿಂದಲೇ ಮಿತಭಾಷಿ. ಈಗ ಹೊರಗಿನ ತಂತಿ ಕಡಿದರೂ ಮನೆಯೊಳಗಿನ ಮಾತು ನಿಲ್ಲದು. ಎರಡನೆಯದಾಗಿ, ಗೋಡೆಗೆ ಸ್ವಿಚ್ಚುಗಳನ್ನು ಮರಳಿ ಹಾಕಿಸಿದೆ. ಮೆಟ್ಟಿಲ ದೀಪಕ್ಕೆ ಮೇಲೊಂದು ಕೆಳಗೊಂದು ಸ್ವಿಚ್ಚು ಇರುವುದಷ್ಟೆ. ಅದೇ ಬಗೆಯಲ್ಲಿ ರಿಲೇಯನ್ನು ಒಂದು ಸ್ವಿಚ್ಚಾಗಿಯೂ ಗೋಡೆಯದನ್ನು ಇನ್ನೊಂದಾಗಿಯೂ ಜೋಡಿಸಿದರೆ, ಹಲಗೆ ಸತ್ತರೂ ಕೈ ಸಾಕು.

ಮೋಟಾರಿನ ವಿಷಯದಲ್ಲಿ ಮತ್ತಷ್ಟು ಎಚ್ಚರ ಬೇಕು. ಹೊರಡುವ ಗಳಿಗೆಯಲ್ಲಿ ಮೋಟಾರು ತನ್ನ ನಿತ್ಯದ ಪ್ರವಾಹದ ಹಲವು ಪಟ್ಟು ಎಳೆಯುತ್ತದೆ. ಚಿಕ್ಕ ರಿಲೇ ಅದನ್ನು ನೇರವಾಗಿ ಹೊತ್ತರೆ ಕಿಡಿಯಲ್ಲಿ ಅದರ ನಾಲಗೆ ಬೆಸೆದುಹೋಗಿ, ಆರಿಸಿದರೂ ಮೋಟಾರು ನಿಲ್ಲದೆ ಹೋಗಬಹುದು. ಆದುದರಿಂದ ರಿಲೇಯು ದೊಡ್ಡ ಕಾಂಟ್ಯಾಕ್ಟರನ್ನು ಮಾತ್ರ ಎಬ್ಬಿಸಬೇಕು. ಹೋದ ಕರೆಂಟು ಬಂದೊಡನೆ ಮೋಟಾರು ತಾನಾಗಿಯೇ ಓಡಕೂಡದು. ಇಷ್ಟು ನಿಮಿಷದ ಮೇಲೆ ನಿಲ್ಲಲೇಬೇಕೆಂಬ ಮಿತಿಯೂ ಇರಬೇಕು. ಈ ಜೋಡಣೆಯನ್ನು ನುರಿತ ಎಲೆಕ್ಟ್ರಿಷಿಯನ್ನರ ಕೈಯಿಂದಲೇ ಮಾಡಿಸುವುದು ಲೇಸು.

ಕೊನೆಯ ಪಾಠವನ್ನು ಬೇಸಗೆ ಕಲಿಸಿತು. ಏಪ್ರಿಲಿನ ಒಂದು ಮಧ್ಯಾಹ್ನ ಹಲಗೆಯ ಗಾಜು ಚೌಕಟ್ಟಿನಿಂದ ಉಗುರಿನ ದಪ್ಪದಷ್ಟು ಮೇಲೆದ್ದಿತ್ತು. ಅದು ಪಡುವಣ ಗೋಡೆ. ಚಾರ್ಜರು ಹಗಲಿರುಳೂ ಚುಚ್ಚಿಯೇ ಇತ್ತು. ಲಿಥಿಯಂ ಬ್ಯಾಟರಿಯನ್ನು ಸದಾ 4.2 ವೋಲ್ಟಿನವರೆಗೆ ತುಂಬಿಟ್ಟು ಬಿಸಿಲಿಗೊಡ್ಡಿದರೆ, ಒಳಗಿನ ದ್ರಾವಣ ನಿಧಾನವಾಗಿ ಒಡೆದು ಅನಿಲವಾಗುತ್ತದೆ, ಚೀಲ ಉಬ್ಬುತ್ತದೆ. ಉಬ್ಬಿದುದನ್ನು ಒತ್ತಿದರೆ ಅಥವಾ ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ನಾನು ಅದನ್ನು ಮುಟ್ಟದೆ ಕಳಚಿಸಿ, ಇಲೆಕ್ಟ್ರಾನಿಕ್ ಕಸವನ್ನು ಪಡೆಯುವವರಿಗೆ ಒಪ್ಪಿಸಿದೆ. ಈಗಿನ ಹಲಗೆ ನೆರಳಿನ ಒಳಗೋಡೆಯ ಮೇಲಿದೆ; ಬೆನ್ನಿಗೆ ಗಾಳಿಯಾಡಲು ಎಡೆಯಿದೆ. ಬ್ಯಾಟರಿ ಶೇಕಡ 30ಕ್ಕೆ ಇಳಿದಾಗ ಅದರ ಚಾರ್ಜರಿನ ರಿಲೇ ಹತ್ತುತ್ತದೆ, 75ಕ್ಕೆ ಏರಿದಾಗ ಆರುತ್ತದೆ. ತನ್ನ ಊಟವನ್ನು ಹಲಗೆ ತಾನೇ ಅಳೆದುಕೊಳ್ಳುವಂತಾಗಿದೆ. ಬೆಳಕನ್ನು ತಗ್ಗಿಸಿಟ್ಟರೆ ಇದಕ್ಕೆ ಬೇಕಾಗುವುದು ಸುಮಾರು 3 ವ್ಯಾಟು. ತಿಂಗಳಿಗೆ 2 ಯೂನಿಟ್ಟಿಗಿಂತ ತುಸು ಹೆಚ್ಚು.

ನಮ್ಮ ತಾಯಿಯವರು ಈಗ ಮೆಟ್ಟಿಲು ಹತ್ತುವುದಿಲ್ಲ. ಕುಳಿತಲ್ಲಿಂದಲೇ ನೀರಿನ ಗೆರೆಯನ್ನು ನೋಡುತ್ತಾರೆ. ದೀಪವನ್ನು ಮಾತ್ರ ಗೋಡೆಯ ಸ್ವಿಚ್ಚಿನಿಂದಲೇ ಹಚ್ಚುತ್ತಾರೆ. ನಾನೂ ಬೇಡವೆನ್ನುವುದಿಲ್ಲ. ಮುಂದಿನ ಸಲ ಮೊಳಕಾಲ್ಮೂರಿಗೆ ಹೋದಾಗ ಆ ಹಿರಿಯರಿಗೆ ಕೊಡಲು ನನ್ನಲ್ಲಿ ಉತ್ತರವಿದೆ.