ಮಗುವಿನ ಹೃದಯಕ್ಕೆ ಆಪರೇಶನ್: ದನ ಮಾರುವ ಮೊದಲು

ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು ಸುರಿಸುವ ಕೂಸನ್ನು ನೋಡಿದ್ದೀರಾ? ಎರಡು ಗುಟುಕು ಎಳೆಯುತ್ತದೆ, ಬಿಡುತ್ತದೆ, ಏದುಸಿರು ಬಿಟ್ಟು ಮತ್ತೆ ಎಳೆಯುತ್ತದೆ. ತಿಂಗಳು ಕಳೆದರೂ ತೂಕ ಏರುವುದಿಲ್ಲ. ಮೇಲಿಂದ ಮೇಲೆ ಕಫ, ನ್ಯುಮೋನಿಯಾ. ಕೂಡಲೇ ನೆರೆಕರೆಯವರಿಂದ "ದೃಷ್ಟಿ ತಾಗಿದೆ", "ತಾಯಿಯ ಹಾಲು ಸಾಲದು" ಎಂಬ ಮಾತು ಬರುತ್ತದೆ. ತಾಯಿಯನ್ನು ದೂರುವ ಮೊದಲು ಮಗುವನ್ನು ಮಕ್ಕಳ ಡಾಕ್ಟರರಿಗೆ ತೋರಿಸಿರಿ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8 ಮಕ್ಕಳ ಹೃದಯದಲ್ಲಿ ಹುಟ್ಟು ದೋಷವಿರುತ್ತದೆ. ಎಲ್ಲರಿಗೂ ಆಪರೇಶನ್ ಬೇಕಾಗುವುದಿಲ್ಲ.

ಹೆಚ್ಚಾಗಿ ಕಾಣುವುದು ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನಡುವಿನ ಹುಣಿ ಒಡೆದರೆ ಏನಾಗುತ್ತದೆಂದು ಕೃಷಿಕರಿಗೆ ವಿವರಿಸಬೇಕಾಗಿಲ್ಲ. ಎಡಕೋಣೆಯಲ್ಲಿ ಒತ್ತಡ ಹೆಚ್ಚು. ಅಲ್ಲಿಂದ ಮೈಗೆ ಹೋಗಬೇಕಾದ ರಕ್ತದ ಒಂದು ಪಾಲು ತೂತಿನಿಂದ ಬಲಕ್ಕೆ ನುಗ್ಗಿ ಪುನಃ ಶ್ವಾಸಕೋಶಕ್ಕೇ ಹೋಗುತ್ತದೆ. ಶ್ವಾಸಕೋಶದಲ್ಲಿ ನೆರೆ, ಮೈಗೆ ಬರ. ಚಿಕ್ಕ ತೂತು ತಾನಾಗಿ ಮುಚ್ಚುವುದುಂಟು. ದೊಡ್ಡದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ದಪ್ಪಗಟ್ಟುತ್ತವೆ. ಅದು ಮಿತಿ ಮೀರಿದ ಮೇಲೆ ತೂತು ಮುಚ್ಚುವುದೇ ಜೀವಕ್ಕೆ ಅಪಾಯ. ಆಗ ಡಾಕ್ಟರರು ಕತ್ತಿ ಹಿಡಿಯಲು ಒಪ್ಪುವುದಿಲ್ಲ. "ಮಗು ಸ್ವಲ್ಪ ದೊಡ್ಡದಾಗಲಿ, ಈ ಸಲದ ಅಡಿಕೆ ಮಾರಿ ನೋಡೋಣ" ಎಂಬ ಮಾತಿನ ಅಪಾಯ ಇಲ್ಲಿದೆ. ಅತ್ತಾಗ ತುಟಿ, ನಾಲಗೆ ನೀಲಿಯಾಗುವ ಮಗು, ಓಡಿದ ಮೇಲೆ ಕುಕ್ಕರುಗಾಲಿನಲ್ಲಿ ಕೂರುವ ಮಗು, ಇವರದು ಬೇರೆ ಬಗೆಯ ದೋಷ. ಅಲ್ಲಿ ಒಂದು ವಾರವೂ ತಡೆಯಬಾರದು.

ಇನ್ನು ಹಣದ ಮಾತು. ಮಗುವಿನ ಭಾವಚಿತ್ರ ಹಾಕಿದ ಬ್ಯಾನರ್, ಬಸ್ಸ್ಟ್ಯಾಂಡಿನಲ್ಲಿ ಡಬ್ಬಿ, ಕೊನೆಗೆ ಹಟ್ಟಿಯ ಹಾಲು ಕೊಡುವ ದನದ ಮಾರಾಟ. ಇದೆಲ್ಲ ಆಗುವ ಮೊದಲು ಉಚಿತವಾಗಿ ಏನು ಸಿಗುತ್ತದೆಂದು ಯಾರೂ ವಿಚಾರಿಸಿರುವುದಿಲ್ಲ. ಕೇರಳ ಸರಕಾರವು 2017ರಲ್ಲಿ 'ಹೃದ್ಯಂ' ಯೋಜನೆಯನ್ನು ಆರಂಭಿಸಿತು. ಹುಟ್ಟು ಹೃದಯದೋಷವಿರುವ ಮಕ್ಕಳ ಹೆಸರನ್ನು ಇದರಲ್ಲಿ ದಾಖಲಿಸಿ, ಅವಸರ ಎಷ್ಟಿದೆಯೆಂದು ನೋಡಿ, ತಿರುವನಂತಪುರದ ಶ್ರೀಚಿತ್ರಾದಂತಹ ಆಸ್ಪತ್ರೆಗಳಿಗೆ ಕಳುಹಿಸುತ್ತಾರೆ. ಹೆಸರು ದಾಖಲಿಸಲು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿರಿ. 'ದಿಶಾ' ಸಹಾಯವಾಣಿ 1056ಕ್ಕೂ ಫೋನು ಮಾಡಬಹುದು. ನಮ್ಮದು ಎಪಿಎಲ್ ಕಾರ್ಡು ಎಂದು ನೀವೇ ತೀರ್ಮಾನಿಸಿ ಸುಮ್ಮನಿರಬೇಡಿ.

ನಾವು ಕಾಸರಗೋಡಿನವರು ತಲೆನೋವಿಗೂ ಮಂಗಳೂರಿನ ಬಸ್ಸು ಹತ್ತುವವರು. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅದರ ಬಿಸಿ ಎಲ್ಲರಿಗೂ ತಟ್ಟಿತು. ಮಂಗಳೂರಿನಲ್ಲಿ ಎಕೋ ಮಾಡಿಸಿದ್ದರೆ ತಪ್ಪೇನಿಲ್ಲ, ಆ ವರದಿಯನ್ನೇ ಹಿಡಿದು ಇಲ್ಲಿ ಹೆಸರು ಬರೆಸಿರಿ. ಆದರೆ ಆಪರೇಶನಿಗೆ ಅಲ್ಲಿ ಹಣ ಕಟ್ಟುವ ಮೊದಲು, ನಮ್ಮ ಕೇರಳದ ಕಾಗದಪತ್ರ ಅಲ್ಲಿ ನಡೆಯುತ್ತದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಖರ್ಚು ಮಾಡಿ ಬಂದ ಮೇಲೆ ಬಿಲ್ಲು ತೋರಿಸಿ ಹಣ ಮರಳಿ ಪಡೆಯುವುದು ಬಲು ಕಷ್ಟ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಜಾತಿ, ಮತ ಕೇಳದೆ ಉಚಿತವಾಗಿ ಹೃದಯದ ಆಪರೇಶನ್ ಮಾಡುತ್ತಾರೆ. ಅಲ್ಲಿ ಸರತಿ ಕಾಯಬೇಕಾದೀತು.

ಹಾಗಾದರೆ ಇಗರ್ಜಿಯ ದಾನಕ್ಕೆ ಕೆಲಸವಿಲ್ಲವೇ? ಇದೆ, ಬೇರೆ ಕಡೆ ಇದೆ. ಆಪರೇಶನ್ ಉಚಿತವಾದರೂ ತಿರುವನಂತಪುರಕ್ಕೆ ರಾತ್ರಿಯಿಡೀ ರೈಲು, ತಂದೆತಾಯಿಗೆ ಅಲ್ಲಿ ಊಟ ವಸತಿ, ನಿಂತುಹೋದ ದಿನಕೂಲಿ, ಆಮೇಲೆ ಮತ್ತೆ ಮತ್ತೆ ಪರೀಕ್ಷೆಗೆ ಹೋಗುವ ಖರ್ಚು, ಇವು ಉಳಿದೇ ಉಳಿಯುತ್ತವೆ. ಬಡವರು ಎರಡನೆಯ ಪರೀಕ್ಷೆಗೆ ಹೋಗದೆ ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ. ವಿನ್ಸೆಂಟ್ ಪಾವ್ಲ್ ಸಭೆಯವರು ಒಂದು ದೊಡ್ಡ ಮೊತ್ತವನ್ನು ಒಮ್ಮೆ ಕೊಡುವುದಕ್ಕಿಂತ ವರ್ಷದ ಈ ಪ್ರಯಾಣಗಳನ್ನು ವಹಿಸಿಕೊಂಡರೆ ಹೆಚ್ಚು ಉಪಕಾರವೆಂದು ನನ್ನ ಅನಿಸಿಕೆ. ಆಪರೇಶನಿಗೆ ರಕ್ತವೂ ಬೇಕು. ಯುವಕರು ಮುಂದೆ ಬರಲಿ. ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದರೆ ದನ ಕರೆಯಲು, ತೋಟಕ್ಕೆ ನೀರು ಬಿಡಲು ಜನ ಬೇಕು. ಅದನ್ನು ವಾಳೆಯ ಗುರಿಕಾರರು ಏರ್ಪಾಡು ಮಾಡಬಹುದು. ಅದಕ್ಕೆ ರಶೀದಿ ಪುಸ್ತಕ ಬೇಕಾಗಿಲ್ಲ.

ಹೊರಡುವಾಗ ಎಕೋ ವರದಿ, ಜನನ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡು, ಚುಚ್ಚುಮದ್ದಿನ ಕಾರ್ಡು, ಇವುಗಳ ಎರಡೆರಡು ಜೆರಾಕ್ಸ್ ಚೀಲದಲ್ಲಿರಲಿ. ಮಗುವಿಗೆ ಜ್ವರ, ಶೀತ ಇದ್ದರೆ ರೈಲು ಹತ್ತುವ ಮೊದಲೇ ಆಸ್ಪತ್ರೆಗೆ ಫೋನು ಮಾಡಿರಿ. ಆಪರೇಶನನ್ನು ಮುಂದೆ ಹಾಕುವ ಸಂಭವವಿದೆ.