ಓಣಿಯೇ ಗುರು, ಮಳೆಯೇ ಪಾಠ

ಧಾರವಾಡದ ರೈಲು ನಿಲ್ದಾಣದಿಂದ ಮಾಳಮಡ್ಡಿ ಬಹಳ ದೂರವಿಲ್ಲ. ನಸುಕಿನಲ್ಲಿ ಇಲ್ಲಿ ರೈಲಿನ ಸಿಳ್ಳೆ, ಅಂಗಳಕ್ಕೆ ನೀರು ಹೊಡೆಯುವ ಸಪ್ಪಳ, ಗುಡಿಯ ಗಂಟೆ ಒಂದರ ಬೆನ್ನಿಗೊಂದು ಕೇಳಿಬರುತ್ತವೆ. ದಿನವೂ ಕೇಳುವವರಿಗೆ ಇದರಲ್ಲಿ ವಿಶೇಷವೇನೂ ಕಾಣದು. 'ನಮ್ಮ ಓಣಿಯಲ್ಲಿ ಬರೆಯುವಂಥದ್ದು ಏನಿದೆ?' ಎಂದು ಕೇಳುವ ಎಳೆಯ ಬರಹಗಾರರೂ ಉಂಟು. ಕಲೆಗೆ ಸ್ಫೂರ್ತಿ ಬೇಕಾದರೆ ದೂರದ ಊರಿಗೆ ಹೋಗಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಈ ಊರಿನ ಸಾಹಿತ್ಯ, ಸಂಗೀತದ ಇತಿಹಾಸ ಹೇಳುವುದೇ ಬೇರೆ.

ಇದೇ ಧಾರವಾಡದ ಸಾಧನಕೇರಿಯಲ್ಲಿ ವರಕವಿ ದ.ರಾ. ಬೇಂದ್ರೆಯವರ (1896-1981) ಮನೆಯಿದೆ. ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೊಡಗುವ ಊರು ಇದು. ಘಟ್ಟದ ಕಡೆಯಿಂದ ಬರುವ ಮೋಡಗಳು ಇಲ್ಲಿ ಜಿಟಿಜಿಟಿ ಮಳೆಯಾಗಿ ದಿನಗಟ್ಟಲೆ ಹಿಡಿಯುತ್ತವೆ. ಜನ ಕೊಡೆ ಹುಡುಕುವ ಆ ಶ್ರಾವಣವೇ ಬೇಂದ್ರೆಯವರ ಕವಿತೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹಿತ್ತಲಲ್ಲಿ ಹಾರುವ ಚಿಟ್ಟೆ 'ಪಾತರಗಿತ್ತಿ ಪಕ್ಕ'ವಾಯಿತು.

ಇಲ್ಲಿ ಗಮನಿಸಬೇಕಾದದ್ದು ಕಣ್ಣಿನಷ್ಟೇ ಕಿವಿಯ ಕೆಲಸ. ಆ ಕವಿತೆಯ ಧಾಟಿ ಅಕ್ಕನನ್ನು ಕರೆದು ಚಿಟ್ಟೆ ತೋರಿಸುವ ಮಗುವಿನದು. 'ಹುಬ್ಬಳ್ಳಿಯಾಂವಾ'ದಲ್ಲಿ ಕೇಳುವುದು ಈ ಸೀಮೆಯ ಹೆಣ್ಣಿನ ಮಾತು. ಬೇಂದ್ರೆಯವರ ಮನೆಮಾತು ಮರಾಠಿ. ಸುತ್ತಲಿನ ಜನರ ಆಡುಗನ್ನಡಕ್ಕೆ ಕಿವಿಗೊಟ್ಟದ್ದರಿಂದಲೇ ಅವರಿಗೆ ಈ ಭಾಷೆ ಒಲಿಯಿತು. ಮುಂದೆ 'ನಾಕುತಂತಿ'ಗೆ 1973ರ ಜ್ಞಾನಪೀಠ ಪ್ರಶಸ್ತಿ ಬಂತು.

ಸಂಗೀತದಲ್ಲಿಯೂ ಇಂಥದೇ ನಿದರ್ಶನವಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಬಾಲ್ಯದಲ್ಲಿ ಗ್ರಾಮಾಫೋನಿನ ದನಿ ಕೇಳಿದೊಡನೆ ಬೀದಿಗೆ ಓಡುತ್ತಿದ್ದರು. ಕೇಳಿದ್ದನ್ನು ಅನುಕರಿಸಿ ಹಾಡುತ್ತಿದ್ದರು. ಹಾಗೆಂದು ಬೀದಿಯಲ್ಲಿ ಕೇಳಿದ್ದೇ ಅವರನ್ನು ಗಾಯಕಿಯನ್ನಾಗಿ ಮಾಡಲಿಲ್ಲ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಬೀದಿ ಹಚ್ಚಿದ ಹಂಬಲಕ್ಕೆ ಗುರುವಿನ ಪಾಠವೂ ಕೂಡಿಬರಬೇಕಾಯಿತು.

ಅಂದರೆ ಕಂಡದ್ದನ್ನು ಕಂಡಂತೆ ಇಳಿಸುವುದಷ್ಟೇ ಕಲೆಯಲ್ಲ. ಒಂದೇ ವಸ್ತುವನ್ನು ಹಲವು ಸಲ ನೋಡಬೇಕು, ಬೇಡದ್ದನ್ನು ಬಿಡಬೇಕು, ಉಳಿದದ್ದಕ್ಕೆ ಲಯ ಹುಡುಕಬೇಕು. ಅದಕ್ಕೆ ತಾಳ್ಮೆ ಬೇಕೇ ಹೊರತು ದೂರದ ಪ್ರಯಾಣ ಬೇಕಿಲ್ಲ.

ಈ ಮಾತನ್ನು ಇಂದು ನೆನೆಯಲು ಕಾರಣವಿದೆ. ಬೀಸುಕಲ್ಲು ಮೂಲೆ ಸೇರಿದಾಗ ಬೀಸುವ ಪದಗಳೂ ಮರೆಯಾದವು. ಅಂಗಳವಿದ್ದ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಂತೆ ಕಟ್ಟೆಯ ಹರಟೆ, ಅಜ್ಜಿಯರ ನುಡಿಗಟ್ಟು ಕಡಿಮೆಯಾಗುತ್ತಿವೆ. ಇವನ್ನು ಕೇಳಿಸಿಕೊಂಡು ಬರೆದಿಡುವವರಿಲ್ಲದಿದ್ದರೆ ನಾಳೆಯ ಕವಿಗೆ ತನ್ನದೇ ಊರಿನ ಮಾತು ಸಿಗಲಾರದು.

ಬರೆಯಬೇಕೆನ್ನುವವರು ಒಂದು ವಾರ ಹೀಗೆ ಮಾಡಿ ನೋಡಬಹುದು. ದಿನವೂ ಒಂದೇ ಹೊತ್ತಿಗೆ ಓಣಿಯ ಒಂದೇ ಕಟ್ಟೆಯ ಮೇಲೆ ಕುಳಿತು, ಕಿವಿಗೆ ಬಿದ್ದ ಒಂದು ಮಾತನ್ನು ಆಡಿದವರ ಬಾಯಲ್ಲಿ ಬಂದಂತೆಯೇ ಬರೆದಿಡಬೇಕು. ಏಳನೆಯ ದಿನ ಅದನ್ನು ಓದಿದಾಗ, ಓಣಿಯಲ್ಲಿ ಏನಿದೆಯೆಂದು ಬೇರೆಯವರನ್ನು ಕೇಳಬೇಕಾಗಲಾರದು.