ಅಪೂರ್ಣ ಜ್ಞಾನವೂ ಖಚಿತ ಆಜ್ಞೆಯೂ: 2020ರ ಕ್ವಾರಂಟೈನ್ ಕುರಿತು

ಅಂಟುರೋಗವೊಂದು ಹೊಸದಾಗಿ ಕಾಣಿಸಿಕೊಂಡಾಗ ಅದರ ಸ್ವರೂಪವು ಪೂರ್ಣವಾಗಿ ತಿಳಿಯುವುದಕ್ಕೆ ಮೊದಲೇ ಅದನ್ನು ತಡೆಯುವ ಆಜ್ಞೆಯನ್ನು ಹೊರಡಿಸಬೇಕಾಗುತ್ತದೆ. ಜ್ಞಾನವು ಅಪೂರ್ಣವಾಗಿದ್ದರೂ ಆಜ್ಞೆಯು ಇಷ್ಟೇ ದಿನವೆಂದು ಖಚಿತವಾಗಿರಬೇಕು. ಈ ವಿಷಮ ಸ್ಥಿತಿಯನ್ನು ಅರಿಯಲು ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ 2020ನೆಯ ಇಸವಿಯ ಅನುಭವವು ಒಂದು ನಿದರ್ಶನವಾಗಿದೆ.

ಇತಿಹಾಸದಲ್ಲಿ ಇದು ಹೊಸ ಸಂಗತಿಯಲ್ಲ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿದಾಗ ಅದರ ರೋಗಾಣುವು ಎರಡು ವರ್ಷಗಳ ಹಿಂದೆಯೇ ಪತ್ತೆಯಾಗಿದ್ದಿತು. ಅದು ಹರಡುವ ಬಗೆ ಮಾತ್ರ ತಿಳಿದಿರಲಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಶಾಸನದ ಬಲದಿಂದ ಪ್ರಯಾಣಿಕರನ್ನು ತಡೆದು, ಶಂಕಿತರನ್ನು ಶಿಬಿರಗಳಲ್ಲಿ ಇರಿಸಲಾಯಿತು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಫ್ರೆಂಚ್ ವೈದ್ಯ ಸಿಮೋನ್ 1898ರಲ್ಲಿ ಸೂಚಿಸಿದರೂ ವೈದ್ಯಲೋಕವು ಅದನ್ನು ಒಪ್ಪಲು ಹಲವು ವರ್ಷಗಳು ಹಿಡಿದವು. ಮನುಷ್ಯರು ಶಿಬಿರಗಳಲ್ಲಿದ್ದಾಗ ಇಲಿಗಳು ಸ್ವೇಚ್ಛೆಯಾಗಿ ಸಂಚರಿಸುತ್ತಿದ್ದವು.

ಮೇಲೆ ಹೇಳಿದ ಮೂರು ತಾಲ್ಲೂಕುಗಳ ಅನೇಕ ಕುಟುಂಬಗಳಿಗೆ ಮುಂಬಯಿಯ ಹೋಟೆಲು ಕೆಲಸವೇ ಜೀವನಾಧಾರ. 2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದು ಕೋವಿಡ್ ಭೀತಿಯಲ್ಲಿ ಹೋಟೆಲುಗಳು ಮುಚ್ಚಿದ ಮೇಲೆ, ಮೇ ತಿಂಗಳಲ್ಲಿ ಅಲ್ಲಿಯ ದುಡಿಮೆಗಾರರು ಊರಿಗೆ ಮರಳತೊಡಗಿದರು. ಅವರನ್ನು ನೇರವಾಗಿ ಮನೆಗೆ ಬಿಡದೆ ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಇರಿಸಲಾಯಿತು. ಮೊದಲು 14 ದಿನವೆಂದಿದ್ದ ಅವಧಿಯು ಅದೇ ತಿಂಗಳಲ್ಲಿ 7 ದಿನಗಳಿಗೆ ಇಳಿಯಿತು. ಉಳಿದ 7 ದಿನಗಳನ್ನು ಮನೆಯಲ್ಲಿ ಪ್ರತ್ಯೇಕವಾಗಿ ಕಳೆಯಬೇಕೆಂದಾಯಿತು.

ಈ ದಿನಗಳ ಲೆಕ್ಕಕ್ಕೆ ಆಧಾರವೇನು? ಆ ವರ್ಷದ ಆರಂಭದ ಅಧ್ಯಯನವೊಂದರ ಪ್ರಕಾರ, ರೋಗಲಕ್ಷಣ ತೋರುವವರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು 5 ದಿನಗಳೊಳಗೆ, ನೂರಕ್ಕೆ 97ಕ್ಕೂ ಹೆಚ್ಚು ಮಂದಿಗೆ ಹನ್ನೊಂದೂವರೆ ದಿನಗಳೊಳಗೆ ಅದು ಕಾಣಿಸಿಕೊಳ್ಳುತ್ತದೆ. ಆದುದರಿಂದ 14 ದಿನವೆಂಬುದು ಹೆಚ್ಚು ಭದ್ರವಾದ ಗಡುವು. 7 ದಿನವೆಂಬುದು ಭದ್ರತೆಗೂ ಜನರ ಕಷ್ಟಕ್ಕೂ ನಡುವಣ ಒಪ್ಪಂದ. ಆದರೆ ಈ ಗಣನೆಯೆಲ್ಲ ಲಕ್ಷಣ ಕಂಡವರದು. ಜಿಲ್ಲೆಯಲ್ಲಿ ಸೋಂಕು ದೃಢಪಟ್ಟವರಲ್ಲಿ ಬಹುಪಾಲು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ. ಅಂಥವರ ವಿಷಯದಲ್ಲಿ ಗಂಟಲ ದ್ರವದ ಪರೀಕ್ಷೆಯೊಂದೇ ಗತಿ. ಸೋಂಕು ತಗಲಿದ ಮೊದಲ ಕೆಲವು ದಿನಗಳಲ್ಲಿ ಆ ಪರೀಕ್ಷೆಯೂ ಅದನ್ನು ಅನೇಕ ವೇಳೆ ಹಿಡಿಯಲಾರದು.

ಜೂನ್ 5ರಂದು ರಾಜ್ಯದಲ್ಲಿ ಪ್ರಕಟವಾದ 515 ಪ್ರಕರಣಗಳಲ್ಲಿ 204 ಉಡುಪಿ ಜಿಲ್ಲೆಯವು. ಇದು ಅಂದು ವರದಿಯಾದವರ ಲೆಕ್ಕವೇ ಹೊರತು ಅಂದು ಸೋಂಕು ತಗಲಿದವರ ಲೆಕ್ಕವಲ್ಲ. ಭೀತಿಗೆ ಈ ಭೇದವು ತಿಳಿಯದು. ವರ್ಷಗಟ್ಟಲೆ ಮನೆಗೆ ಹಣ ಕಳುಹಿಸಿದವನು ತನ್ನ ಊರಿನಲ್ಲೇ ಶಂಕೆಗೆ ಗುರಿಯಾಗುವುದು ಇಂಥ ಕಾಲದಲ್ಲಿಯೇ.

ಕ್ವಾರಂಟೈನ್ ನಿರರ್ಥಕವೆಂದು ಇದರ ಅರ್ಥವಲ್ಲ. ರೋಗವು ಹೊರಗಿನಿಂದ ಬರುತ್ತಿರುವವರೆಗೆ ಬಾಗಿಲಲ್ಲಿ ತಡೆಯುವುದು ಯುಕ್ತ. ಅದು ಒಳಗೇ ಹಬ್ಬಿದ ಮೇಲೆ ಆ ತಡೆಗೆ ಬಲವಿಲ್ಲ. ಆಗಸ್ಟ್ 24ರಂದು ರಾಜ್ಯ ಸರ್ಕಾರವು ಹೊರರಾಜ್ಯಗಳಿಂದ ಬರುವವರ ಕ್ವಾರಂಟೈನನ್ನು ರದ್ದುಪಡಿಸಿತು. ತಿಳಿವಳಿಕೆಯೂ ಪರಿಸ್ಥಿತಿಯೂ ಬದಲಾದಂತೆ ನಿಯಮವು ಬದಲಾಗುವುದು ದೋಷವಲ್ಲ. ಆದರೆ ಕಾರಣವನ್ನು ಅರಿಯದ ಜನರಿಗೆ ಅದು ಚಂಚಲತೆಯಾಗಿ ತೋರುತ್ತದೆ. ಆದುದರಿಂದ ಆಜ್ಞೆಯೊಡನೆ ನಮಗೆ ತಿಳಿದುದೆಷ್ಟು, ತಿಳಿಯದುದೆಷ್ಟು, ಮತ್ತೆ ಪರಿಶೀಲಿಸುವುದು ಎಂದು ಎಂಬುದನ್ನೂ ಹೇಳುವುದು ಆಳುವವರ ಕರ್ತವ್ಯ. ಶಾಲೆಯ ಕೋಣೆಯಲ್ಲಿ ದಿನಗಳನ್ನು ಎಣಿಸುತ್ತ ಕುಳಿತವನಿಗೆ ಆ ಎಣಿಕೆಯ ಕಾರಣವನ್ನು ಕೇಳುವ ಹಕ್ಕು ಉಂಟು.